ಫೈಲಕಾ ದ್ವೀಪದಲ್ಲಿ ಚರಗ

ಸಾಲ್ಮಿಯಾದ ದಕ್ಕೆ

"ನಿಮಗೆ ಸೈಕಲ್ ಎಷ್ಟರಮಟ್ಟಿಗೆ ಬರುತ್ತದೆ?" ಎಂದು ಫಾರಂ ಕೇಳುತ್ತಿತ್ತು. ಕೆಳಗೆ ಮೂರು ಚೌಕ: ಹೊಸಬ, ಸಾಧಾರಣ, ನಿಪುಣ. ಗಜೇಂದ್ರಗಡದ ಬಸ್ ನಿಲ್ದಾಣದ ಎದುರಿಗೆ ಇಪ್ಪತ್ತೆಂಟು ವರ್ಷದಿಂದ ಸೈಕಲ್ ಅಂಗಡಿ ಇಟ್ಟುಕೊಂಡವನು ನಾನು. ಊರಿನ ಅರ್ಧ ಮಂದಿಗೆ ಹಿಂದಿನಿಂದ ಸೀಟು ಹಿಡಿದು ಸೈಕಲ್ ಕಲಿಸಿದ್ದೇನೆ. ನನಗೆ ಮೈಯೆಲ್ಲ ಉರಿಯಿತು.

"ನಿಪುಣ ಅಂತ ಹಾಕ್ಲೋ, ಸಾಧಾರಣ ಅಂತ ಹಾಕ್ಲೋ?" ಎಂದು ತಂಗಿ ಶಾಂತಾಳನ್ನು ಕೇಳಿದೆ.

"ಏನರ ಹಾಕಣ್ಣಾ, ಫೆರಿ ಬಿಡತೈತಿ" ಅಂದಳು.

ಅದರ ಕೆಳಗೆ ಇನ್ನೊಂದು ಪ್ರಶ್ನೆ: ಈ ಮೊದಲು ಬೆಟ್ಟ ಹತ್ತಿದ್ದೀರಾ? ಗುಡ್ಡದ ಬುಡದಲ್ಲೇ ಹುಟ್ಟಿದವನಿಗೆ ಕೇಳುವ ಮಾತೇ ಇದು? ದಿನಾ ಹತ್ತುತ್ತಿದ್ದೆ ಎಂದು ಬರೆಯಲು ಸೊಸೆ ಮೇಘಾಳಿಗೆ ಹೇಳಿದೆ. ಶಾಂತಾಳ ಮಗಳು ಮೇಘಾಗೆ ಹತ್ತು ವರ್ಷ. ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. "ಓಕೆ ಮಾಮಾ" ಎಂದು ಬರೆದಳು. ಏನು ಬರೆದಳೋ ದೇವರೇ ಬಲ್ಲ.

ಈ ಪ್ರವಾಸ ಗೊತ್ತುಮಾಡಿದ್ದು ಶಾಂತಾಳ ಗೆಳತಿ ಲವೀನಾ. ಉಡುಪಿ ಕಡೆಯ ನರ್ಸ್, ಬ್ನೇದ್ ಅಲ್ ಗಾರ್‌ನಲ್ಲಿ ಮನೆ. "ಊರಿಂದ ಅಣ್ಣ ಬಂದಿದ್ದಾರೆ, ಬರೀ ಮಾಲ್ ತೋರಿಸಿ ಕಳಿಸುವುದಾ ಮಾರಾಯ್ತಿ?" ಎಂದು ಒಂದು ಹಾಳೆ ತಂದುಕೊಟ್ಟಿದ್ದಳು. ಬೆಟ್ಟ ಹತ್ತುವುದು, ಸೈಕಲ್ ಸವಾರಿ, ಡೇರೆಯಲ್ಲಿ ವಸತಿ, ಜೊತೆಗೆ ದಾರಿ ತೋರಿಸುವವರು. ಹಾಳೆಯ ಮೇಲೆ ಮಂಜು ಮುಚ್ಚಿದ ಶಿಖರದ ಚಿತ್ರ. ಕುವೈತಿಗೆ ಬಂದು ಮೂರು ವಾರವಾಗಿದ್ದರೂ ರಸ್ತೆಯ ಉಬ್ಬಿಗಿಂತ ಎತ್ತರದ ನೆಲ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೆಟ್ಟವನ್ನು ಸಮುದ್ರದಲ್ಲಿ ಇಟ್ಟಿದ್ದಾರೇನೋ ಅಂದುಕೊಂಡೆ.

ಚಳಿ ಎಂದರೆ ಚಳಿ. ಮರುಭೂಮಿ ಎಂದು ನಾನು ತೆಳ್ಳನೆಯ ಅಂಗಿಗಳನ್ನಷ್ಟೇ ತಂದಿದ್ದೆ. ಶಾಂತಾಳ ಗಂಡ ಮಹಾಂತೇಶ ಶುಐಬಾದ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ತನ್ನ ಡ್ಯೂಟಿಯ ಜಾಕೆಟ್ ನನಗೆ ಹೊದಿಸಿದ. ಕಿತ್ತಳೆ ಬಣ್ಣ, ಎದೆಗೂ ಬೆನ್ನಿಗೂ ಮಿರಿಮಿರಿ ಮಿಂಚುವ ಪಟ್ಟಿ. ಆಮೇಲೆ ತಾನು ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋದ. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ, ಪಾಪ.

ಈಗ ನಿಮಗೊಂದು ಮಾತು ಹೇಳಿಬಿಡಬೇಕು. ನನ್ನ ಬ್ಯಾಗಿನ ತಳದಲ್ಲಿ ಒಂದು ಕಾಗದವಿತ್ತು. ಅಪ್ಪನ ನಾಲ್ಕೆಕರೆ ಎರೆಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನನ್ನ ಹೆಸರಿನ ಜೊತೆಗೆ ಶಾಂತಾಳ ಹೆಸರೂ ಇದೆ. ಹೊಲ ಡಾಂಬರು ರಸ್ತೆಗೆ ಹತ್ತಿಕೊಂಡಿದೆ, ಪೆಟ್ರೋಲ್ ಪಂಪಿಗೆ ಕೇಳುತ್ತಿದ್ದಾರೆ. ಸೈಕಲ್ ಈಗ ಯಾರಿಗೆ ಬೇಕು? ಹೊಲ ಮಾರಿ ಬೈಕ್ ಶೋರೂಂ ಮಾಡಬೇಕೆಂಬುದು ನನ್ನ ಆಸೆ. ಶಾಂತಾ ಒಪ್ಪಿದ್ದಾಳೆಂಬ ಕಾಗದವನ್ನು ನಮ್ಮ ವಕೀಲರು ಎರಡು ಪ್ರತಿ ಮಾಡಿಕೊಟ್ಟಿದ್ದರು, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. "ಪಾಸ್‌ಪೋರ್ಟಿನಾಗ ಹೆಸರು ಹೆಂಗೈತಿ ಹಂಗ ಸಹಿ ಇರಬೇಕ ನೋಡ್ರಿ. ಒಂದಕ್ಷರ ಹೆಚ್ಚುಕಡಿಮಿ ಆದ್ರ ರದ್ದಿ" ಎಂದಿದ್ದರು. ಸಹಿಯಾದ ಮೇಲೆ ನಮ್ಮ ರಾಯಭಾರ ಕಚೇರಿಯಲ್ಲಿ ಸೀಲು ಹಾಕಿಸಬೇಕು. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ರವಿವಾರ ಕಚೇರಿ, ಮಂಗಳವಾರ ನನ್ನ ವಿಮಾನ. ಅಂದು ಶುಕ್ರವಾರ. ಮೂರು ವಾರವಾದರೂ ಶಾಂತಾಳ ಮುಂದೆ ನಾನು ಬಾಯಿ ಬಿಟ್ಟಿರಲಿಲ್ಲ. ದ್ವೀಪದಲ್ಲಿ ಹೇಳಲೇಬೇಕೆಂದು ಗಟ್ಟಿ ಮನಸ್ಸು ಮಾಡಿಕೊಂಡು ಫೆರಿ ಹತ್ತಿದೆ.

ಇಪ್ಪತ್ತೊಂದು ಗೇರು

ದ್ವೀಪದ ಹೆಸರು ಫೈಲಕಾ. ಇಳಿದವನೇ ಸುತ್ತ ಕಣ್ಣಾಡಿಸಿದೆ. ಎಡಕ್ಕೆ ಬಯಲು, ಬಲಕ್ಕೆ ಬಯಲು, ಮುಂದೆ ಬಯಲು, ಅದರಾಚೆ ಸಮುದ್ರ.

"ಲವೀನಾ, ಬೆಟ್ಟ ಎಲ್ಲೈತವ್ವಾ?"

"ಆಚೆ ಬದಿಯಲ್ಲಿ ಇರಬಹುದು ಅಣ್ಣ" ಅಂದಳು. ಅವಳ ದನಿಯಲ್ಲೂ ಭರವಸೆ ಇರಲಿಲ್ಲ.

ದಾರಿ ತೋರಿಸಲು ಬಂದವರು ಅಬು ಯೂಸುಫ್. ಐವತ್ತು ದಾಟಿದ ಕುವೈತಿ, ಬಿಳಿ ನಿಲುವಂಗಿಯ ಮೇಲೆ ಉಣ್ಣೆಯ ಕೋಟು, ಕಾಲಿಗೆ ಓಡುವವರ ಬೂಟು. ಹಿಂದಿ, ಇಂಗ್ಲಿಷ್, ಅರಬ್ಬಿ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿ ಮಾತಾಡುತ್ತಿದ್ದರು. "ಯಲ್ಲಾ ಭಾಯಿ, ಸೈಕಲ್ ಲೇಲೋ!" ಎಂದು ಸಾಲಾಗಿ ನಿಲ್ಲಿಸಿದ ಸೈಕಲ್ಲುಗಳನ್ನು ತೋರಿಸಿದರು.

ನಾನು ರೂಢಿಯಂತೆ ಒಂದೊಂದರ ಗಾಲಿಯನ್ನೂ ಹೆಬ್ಬೆರಳಿನಿಂದ ಒತ್ತುತ್ತಾ ಹೋದೆ. ಎರಡರಲ್ಲಿ ಗಾಳಿ ಇರಲಿಲ್ಲ, ಮೂರರ ಚೈನು ಉಪ್ಪುಗಾಳಿಗೆ ತುಕ್ಕು ಹಿಡಿದಿತ್ತು. ಇದನ್ನು ಹೇಳಬೇಕು ಎನ್ನುವಷ್ಟರಲ್ಲಿ ಯಾರೋ ನನ್ನ ತಲೆಗೆ ಹೆಲ್ಮೆಟ್ ಹಾಕಿ ಗದ್ದದ ಕೆಳಗೆ ಬಿಗಿದರು. ಹುಟ್ಟಿದ ಮೇಲೆ ಮೊದಲ ಬಾರಿ ತಲೆಗೆ ಬುಟ್ಟಿ ಹಾಕಿಕೊಂಡು ಸೈಕಲ್ ಹತ್ತಿದೆ. ಮೇಘಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ನನ್ನ ಸೈಕಲ್ಲಿಗೆ ಇಪ್ಪತ್ತೊಂದು ಗೇರು. ಏರೂ ಇಲ್ಲದ ಇಳುಕಲೂ ಇಲ್ಲದ ನೆಲದಲ್ಲಿ ಇಪ್ಪತ್ತೊಂದು ಗೇರು ಯಾಕೆ ಎಂಬುದು ನನಗೆ ಈವತ್ತಿಗೂ ತಿಳಿದಿಲ್ಲ. ಯಾವುದೋ ಗುಂಡಿ ಒತ್ತಿದೆ. ಕಾಲು ಗಿರಗಿರ ತಿರುಗತೊಡಗಿತು, ಸೈಕಲ್ ಇದ್ದಲ್ಲೇ ಇದ್ದಂತೆ. ಇನ್ನೊಂದು ಒತ್ತಿದೆ, ಪೆಡಲು ಕಲ್ಲಾಯಿತು. ಏಳು ವರ್ಷದ ಅರಬ್ಬಿ ಹುಡುಗಿಯೊಬ್ಬಳು ನನ್ನನ್ನು ದಾಟಿ ಹೋಗಿ, ತಿರುಗಿ ನೋಡಿ, ಕೈ ಬೀಸಿದಳು. ನಾನು ನಿಪುಣ.

ದಾರಿಯ ಎರಡೂ ಕಡೆ ಹಾಳುಬಿದ್ದ ಊರು. ಮನೆ, ಶಾಲೆ, ಬ್ಯಾಂಕು, ಎಲ್ಲದರ ಗೋಡೆಗೂ ಗುಂಡಿನ ತೂತು. ಯುದ್ಧದ ಕಾಲದಲ್ಲಿ ಇರಾಕಿನ ಸೈನಿಕರು ಬಂದು ಊರವರನ್ನೆಲ್ಲ ಹೊರಗಟ್ಟಿದರಂತೆ. ಯುದ್ಧ ಮುಗಿದು ಎರಡು ದಶಕ ಕಳೆದರೂ ಜನ ಮರಳಿ ಬಂದು ನೆಲೆಸಲಿಲ್ಲವಂತೆ. ಕಿಟಕಿ ಇಲ್ಲದ ಮನೆಗಳ ನಡುವೆ ಒಂಟೆಗಳು ಓಡಾಡುತ್ತಿದ್ದವು. ನಮ್ಮಲ್ಲಿ ಇಷ್ಟು ಹೊತ್ತಿಗೆ ಆ ಗೋಡೆಗಳ ಮೇಲೆ ಸಿಮೆಂಟಿನ ಜಾಹೀರಾತಾದರೂ ಬಂದಿರುತ್ತಿತ್ತು.

ಚೈನು ಬಿದ್ದಿತು. ಇಳಿದು ಸರಿಮಾಡುತ್ತಿದ್ದಾಗ ದೊಡ್ಡ ಜೀಪೊಂದು ಪಕ್ಕದಲ್ಲಿ ನಿಂತಿತು. ಒಳಗಿದ್ದವನು ನನ್ನ ಕಿತ್ತಳೆ ಜಾಕೆಟ್ ನೋಡಿ ಒಂದು ಕಸದ ಚೀಲ ಕೊಟ್ಟು, ಎದೆಯ ಮೇಲೆ ಕೈಯಿಟ್ಟು "ಶುಕ್ರನ್" ಎಂದು ಕೃತಜ್ಞತೆ ಹೇಳಿ ಹೊರಟೇಹೋದ. ನಾನು ಚೀಲ ಹಿಡಿದುಕೊಂಡು ನಿಂತೆ. ಹಿಂದಿನಿಂದ ಬಂದ ಶಾಂತಾ ಸೈಕಲ್ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬಂದು ಮೂರು ವಾರಕ್ಕ ನೌಕರಿ ಸಿಕ್ತಲ್ಲೋ ಅಣ್ಣಾ!"

ಇಷ್ಟು ನಕ್ಕಿದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಹೇಳಲು ಇದೇ ಸಮಯ ಎನಿಸಿತು. "ಶಾಂತಾ, ಹೊಲದ್ದೊಂದು ವಿಷಯ..." ಅಂದೆ.

"ಹೌದಲ್ಲ, ಈ ಸಲ ಜ್ವಾಳ ಹೆಂಗ ಬಂದೈತಿ? ಆಳೆತ್ತರ ಆಗೇತೇನು?" ಎಂದು ಕಣ್ಣು ಅರಳಿಸಿದಳು.

ಬಂದೈತಿ, ಚಲೋ ಬಂದೈತಿ ಅಂದೆ. ಕಸದ ಚೀಲವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಮುಂದೆ ಹೊರಟೆ.

ಜಬಲ್

"ಜಬಲ್! ಜಬಲ್!" ಎಂದು ಅಬು ಯೂಸುಫ್ ಮುಂದೆ ಕೈ ಚಾಚಿ ಕೂಗಿದರು. ಜಬಲ್ ಎಂದರೆ ಬೆಟ್ಟ ಎಂದು ಮೇಘಾ ಹೇಳಿದಳು. ನಾನು ಹಣೆಗೆ ಕೈಯಿಟ್ಟು ನೋಡಿದೆ. ಅವರು ಕೈ ತೋರಿಸಿದ ಕಡೆ ಒಂದು ದಿಬ್ಬ ಇತ್ತು. ನಮ್ಮಲ್ಲಿ ಕೆರೆಯ ಹೂಳು ತೆಗೆದು ಒಟ್ಟಿದರೆ ಅದಕ್ಕಿಂತ ಎತ್ತರವಾಗುತ್ತದೆ.

"ಇದ?"

"ದಿಸ್ ಈಸ್ ಇಟ್, ಮಾಮಾ."

ಬುಡದಲ್ಲಿ ಎಲ್ಲರನ್ನೂ ನಿಲ್ಲಿಸಿ ಕಾಲು ಚಾಚಿಸಿ, ಸೊಂಟ ತಿರುಗಿಸಿ ವ್ಯಾಯಾಮ ಮಾಡಿಸಿದರು. ಕೈಗೊಂದೊಂದು ಕೋಲು ಕೊಟ್ಟರು. ನೀರು ಕುಡಿಯಿರಿ ಎಂದರು. ಆಮೇಲೆ ಹತ್ತಿದೆವು. ನಾನು ಸುಮ್ಮನೆ ಹೆಜ್ಜೆ ಎಣಿಸಿದೆ, ಅರವತ್ತು ಆಗುವಷ್ಟರಲ್ಲಿ ತುದಿ. ಅಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಅಭಿನಂದಿಸಿ ಫೋಟೋ ತೆಗೆಸಿಕೊಂಡರು. ಲವೀನಾ "ಉಶ್ಶಪ್ಪಾ" ಎಂದು ಬೆವರು ಒರೆಸಿಕೊಂಡಳು. ಬೆವರು ಎಲ್ಲಿಂದ ಬಂತು? ನಾನು ತಮಾಷೆ ಮಾಡಬೇಕೆಂದು ಬಾಯಿ ತೆರೆದವನು ಅಬು ಯೂಸುಫರ ಮುಖ ನೋಡಿ ಮುಚ್ಚಿದೆ. ಅವರು ಆ ದಿಬ್ಬದ ಮೇಲಿಂದ ಹಾಳೂರನ್ನು ನೋಡುತ್ತಿದ್ದರು. ಬೆರಳಿನಿಂದ ಒಂದು ಮೂಲೆ ತೋರಿಸಿ, "ಮೇರಾ ಘರ್" ಅಂದರು.

ಚಿಕ್ಕವರಿದ್ದಾಗ ಈ ದಿಬ್ಬದ ಮೇಲೆ ನಿಂತು ಅಪ್ಪನ ದೋಣಿ ಬರುವುದನ್ನು ನೋಡುತ್ತಿದ್ದರಂತೆ. ಅವರ ಮಟ್ಟಿಗೆ ಅದು ಬೆಟ್ಟವೇ. ನಾನು ಕೋಲು ಊರಿಕೊಂಡು ಮೆಲ್ಲಗೆ ಇಳಿದೆ.

ಡೇರೆ

ಡೇರೆಯ ವಸತಿ ಎಂದರೆ ಕಂಬಳಿ ಹೊದ್ದು ನೆಲದ ಮೇಲೆ ಮಲಗುವುದು ಎಂದುಕೊಂಡಿದ್ದೆ. ಇವರ ಡೇರೆಯಲ್ಲಿ ರತ್ನಗಂಬಳಿ, ಲೋಡು, ಕರೆಂಟಿನ ದೀಪ, ಚಹಾಕ್ಕೆ ಬೇರೆ ಒಲೆ, ಕಾಫಿಗೆ ಬೇರೆ ಒಲೆ. ನಮ್ಮ ಮನೆಯಲ್ಲಿ ಇಷ್ಟು ಸಾಮಾನಿಲ್ಲ. ಮನೆಯಲ್ಲಿ ಏಸಿ ಹಾಕಿಕೊಂಡು ಇರುವ ಜನ ಚಳಿಗಾಲ ಬಂತೆಂದರೆ ಹೀಗೆ ಬಯಲಿಗೆ ಬಂದು ಡೇರೆ ಹೊಡೆಯುತ್ತಾರಂತೆ.

ಅಬು ಯೂಸುಫ್ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಕಾಫಿ ಕೊಟ್ಟರು, ಕಹಿ. ಮರ್ಯಾದೆಗೆಂದು ಕುಡಿದೆ. ಮತ್ತೆ ಹಾಕಿದರು. ಕುಡಿದೆ. ಮತ್ತೆ ಹಾಕಿದರು. ನಮ್ಮಲ್ಲಾದರೆ ಕೈ ಅಡ್ಡ ಹಿಡಿದು ಸಾಕ್ರಿ ಅನ್ನಬಹುದು. ಇವರು ಕೈಯನ್ನೇ ಸರಿಸಿ ಹಾಕಿದರು. ಎಂಟನೆಯ ಬಟ್ಟಲಿಗೆ ಮಹಾಂತೇಶ ನಿದ್ದೆಯಿಂದ ಒಂದು ಕಣ್ಣು ತೆರೆದು, "ಅಣ್ಣಾರ, ಬಟ್ಟಲಾ ಅಲ್ಲಾಡಿಸ್ರಿ, ಅಂದ್ರ ಬಿಡ್ತಾರ" ಎಂದು ಮತ್ತೆ ಕಣ್ಣು ಮುಚ್ಚಿದ. ಅಲ್ಲಾಡಿಸಿದೆ. ಬಿಟ್ಟರು. ಇದನ್ನು ಮೊದಲೇ ಹೇಳಬಾರದಿತ್ತೇ ಈ ಮನುಷ್ಯ!

ಊಟಕ್ಕೆ ಅವರು ದೊಡ್ಡ ತಟ್ಟೆಯಲ್ಲಿ ಕುರಿಮಾಂಸದ ಅನ್ನ ಇಟ್ಟರು. ಶಾಂತಾ ನಮಗೆಂದು ತನ್ನ ಗಂಟು ಬಿಚ್ಚಿದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಕಡುಬು, ಹೋಳಿಗೆ. ನಾಲ್ಕೈದು ಮಂದಿಗಾಗುವಷ್ಟಲ್ಲ, ಇಪ್ಪತ್ತು ಮಂದಿಗಾಗುವಷ್ಟು. ನಾನು ರೊಟ್ಟಿಗೆ ಕೈ ಹಾಕಿದರೆ ಪಟ್ಟನೆ ಹೊಡೆದಳು.

"ಅವು ನಾಳಿಗೆ. ಇವತ್ತಿಂದು ಬ್ಯಾರೆ ಐತಿ. ನಾಳೆ ಎಳ್ಳಮಾಸಿ ಅಲ್ಲೇನು?"

ನಾನು ತಬ್ಬಿಬ್ಬಾದೆ. ನನಗೆ ನೆನಪೇ ಇರಲಿಲ್ಲ. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಟ್ಟು ಪೂಜೆ ಮಾಡಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದೇ ಚರಗ. ಭೂಮಿತಾಯಿಗೆ ಉಣಿಸಿದ ಮೇಲೆಯೇ ನಮ್ಮ ಊಟ. ಇಲ್ಲಿನ ಶಾಲೆಗೆ ಬೇಸಿಗೆಯಲ್ಲೇ ದೊಡ್ಡ ರಜೆ. ಹಾಗಾಗಿ ಶಾಂತಾ ಊರಿಗೆ ಬರುವುದು ಹೊಲ ಬರಿದಾಗಿದ್ದಾಗ. ಅವಳು ಚರಗ ಕಂಡು ಹನ್ನೊಂದು ವರ್ಷವಾಗಿತ್ತು.

"ಇಲ್ಲಿ ಎಲ್ಲಿ ಚೆಲ್ಲತಿ? ಉಸುಕಿಗೇನು?"

"ನೋಡೂಣು" ಅಂದಳು. ಇಂಥ ತಂಗಿಗೆ ಹೊಲ ಮಾರುವ ಮಾತನ್ನು ಹೇಗೆ ಹೇಳುವುದು? ಆ ಸಂಜೆಯೂ ನನಗೆ ಬಾಯಿ ಬರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಐದು ಕಲ್ಲು

ಬೆಳಿಗ್ಗೆ ಎದ್ದು ನೋಡಿದರೆ ಶಾಂತಾ ಇಲ್ಲ. ದಿಬ್ಬದ ಕಡೆಯಿಂದ ಗದ್ದಲ ಕೇಳಿಸಿತು. ಓಡಿದೆ. ಅವಳು ಸೆರಗಿನಲ್ಲಿ ಐದು ಚಂದದ ಕಲ್ಲು ಹಿಡಿದು ನಿಂತಿದ್ದಳು. ಅಬು ಯೂಸುಫ್ ತಲೆಯ ಮೇಲೆ ಎರಡೂ ಕೈ ಹೊತ್ತು, "ಛೋಡೋ ಬೆಹನ್, ಛೋಡೋ! ಮಾಫಿ ಟಚ್!" ಬಿಡು, ಮುಟ್ಟಬೇಡ ಎಂದು ಕುಣಿಯುತ್ತಿದ್ದರು. ಆಚೆಯಿಂದ ಕಾವಲುಗಾರನ ಜೀಪು ಬರುತ್ತಿತ್ತು.

ಆಮೇಲೆ ತಿಳಿದದ್ದು ಇಷ್ಟು. ಆ ದಿಬ್ಬ ಸಾವಿರಾರು ವರ್ಷ ಹಳೆಯ ಊರಂತೆ. ಯಾವ್ಯಾವುದೋ ದೇಶದ ಪಂಡಿತರು ಬಂದು ಕುಂಚದಿಂದ ಮಣ್ಣು ಗುಡಿಸಿ ತೆಗೆದ ಗೋಡೆ ಅದು. ನಮ್ಮ ಶಾಂತಾ ಅದರಿಂದಲೇ ಐದು ಕಲ್ಲು ಕಿತ್ತುಕೊಂಡಿದ್ದಳು, ತೊಳೆದು ಕುಂಕುಮವನ್ನೂ ಹಚ್ಚಿದ್ದಳು! ಜಗತ್ತಿನಲ್ಲಿ ಈ ತಪ್ಪನ್ನು ನಮ್ಮ ಕಡೆಯ ಹೆಣ್ಣುಮಗಳಲ್ಲದೆ ಬೇರೆ ಯಾರೂ ಮಾಡಲಾರರು. ಇಲ್ಲಿ ಇರುವ ಪರವಾನಗಿ ಇಕಾಮಾ ರದ್ದಾದರೆ, ಮಹಾಂತೇಶನ ನೌಕರಿ ಹೋದರೆ, ಎಂದೆಲ್ಲ ನನ್ನ ತಲೆಗೆ ಬಂತು. ಲವೀನಾ ಅರಬ್ಬಿಯಲ್ಲಿ ಏನೇನೋ ಬಿಡಿಸಿ ಹೇಳಿದಳು.

"ಎಂತ ಹೇಳಿದಿರಿ?" ಎಂದು ಕೇಳಿದೆ, ಗಾಬರಿಯಲ್ಲಿ ಅವಳ ಕನ್ನಡವೇ ನನ್ನ ಬಾಯಿಗೆ ಬಂದು.

"ಇವತ್ತು ಇವರು ನೆಲಕ್ಕೆ ಊಟ ಹಾಕುವ ಹಬ್ಬ ಅಂತ ಹೇಳಿದೆ ಅಣ್ಣ. ಮತ್ತೆಂತ ಹೇಳುವುದು?"

ಅಬು ಯೂಸುಫ್ ತಲೆಯ ಮೇಲಿನ ಕೈ ಇಳಿಸಿದರು. ಶಾಂತಾಳ ಸೆರಗಿನಿಂದ ಒಂದೊಂದೇ ಕಲ್ಲು ತೆಗೆದು, ಕುಂಕುಮ ಒರೆಸಿ, ಇದ್ದ ಜಾಗದಲ್ಲೇ ಕೂಡಿಸಿದರು. ಕಾವಲುಗಾರನ ಹೆಗಲ ಮೇಲೆ ಕೈಹಾಕಿ ಏನೋ ಹೇಳಿ, "ಖಲಾಸ್, ಖಲಾಸ್" ಎಂದು ಕಳುಹಿಸಿದರು. ಆಮೇಲೆ ನಮ್ಮನ್ನು ಹಾಳೂರಿನೊಳಗೆ ಕರೆದುಕೊಂಡು ಹೋದರು. ಛಾವಣಿ ಬಿದ್ದ ಒಂದು ಮನೆ. ಅದರ ಗೋಡೆಯಿಂದ ತಾವೇ ಐದು ಕಲ್ಲು ತೆಗೆದು ಶಾಂತಾಳ ಮುಂದಿಟ್ಟರು.

"ಯೇ ಮೇರಾ ಘರ್. ಯೇ ಲೇಲೋ ಬೆಹನ್. ಇಧರ್ ಕೋಯೀ ನಹೀ ಪೂಛೇಗಾ" ಅಂದರು. ನನ್ನ ಮನೆ, ತಗೋ ತಂಗಿ, ಇಲ್ಲಿ ಕೇಳುವವರು ಯಾರೂ ಇಲ್ಲ.

ಮನೆಯ ಹಿತ್ತಲಿನಲ್ಲಿ ಅವರ ಅಜ್ಜ ಬಾರ್ಲಿ ಬಿತ್ತುತ್ತಿದ್ದರಂತೆ. ಈಗ ಮಳೆ ಬಿದ್ದು ಗೇಣುದ್ದ ಹುಲ್ಲು ಬಂದಿತ್ತು. ಶಾಂತಾ ಅಲ್ಲಿ ಕಲ್ಲು ನಿಲ್ಲಿಸಿ, ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದಳು. ರೊಟ್ಟಿ, ಕಡುಬು, ಎಣಗಾಯಿ, ಹೋಳಿಗೆ ಎಲ್ಲ ಮುರಿದು ಬುಟ್ಟಿಯಲ್ಲಿ ಕಲಸಿದಳು. ನೀರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. ಚರಗದ ಪದ್ಧತಿ ಹಾಗೆ: ಒಬ್ಬರು ಚೆಲ್ಲುತ್ತಾ ಮುಂದೆ ಹೋಗಬೇಕು, ಇನ್ನೊಬ್ಬರು ನೀರು ಚಿಮುಕಿಸುತ್ತಾ ಹಿಂದೆ ಹೋಗಬೇಕು.

"ಹುಲ್ಲುಲ್ಲಿಗೋ!" ಎಂದು ಕೂಗಿ ಒಂದು ಹಿಡಿ ಚೆಲ್ಲಿದಳು.

"ಚಲಾಂಬರಿಗೋ!" ಎಂದು ನಾನು ನೀರು ಚಿಮುಕಿಸಿದೆ. ಈ ಮಾತಿಗೆ ಅರ್ಥವೇನೆಂದು ನನಗೆ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ.

"ವೈ ಆರ್ ವಿ ಥ್ರೋಯಿಂಗ್ ಫುಡ್, ಮಾಮಾ?" ಎಂದು ಮೇಘಾ ಕೇಳಿದಳು. ನೀನೂ ಕೂಗು ಅಂದೆ. ಕೂಗಿದಳು. ಅಬು ಯೂಸುಫ್ ಮುರಿದ ಗೋಡೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದರು. ಒಂಟೆಯೊಂದು ಬಂದು ನಾವು ಚೆಲ್ಲಿದ್ದನ್ನು ಹಿಂದಿನಿಂದಲೇ ಆರಿಸಿ ತಿನ್ನತೊಡಗಿತು.

ಹಿತ್ತಲಿನ ಕೊನೆಯ ಮೂಲೆಗೆ ಬಂದಾಗ ಶಾಂತಾ ನಿಂತಳು. ನನ್ನ ಕಡೆ ತಿರುಗಲಿಲ್ಲ.

"ಅಣ್ಣಾ, ಹೊಲಾ ಮಾರಿದ ಮ್ಯಾಲ ಚರಗಾ ಎಲ್ಲಿ ಚೆಲ್ಲತಿ?"

ಬಾಟಲಿಯ ನೀರು ನನ್ನ ಬೂಟಿನ ಮೇಲೆ ಸುರಿಯಿತು.

"ನಿನಗ... ಯಾರು ಹೇಳಿದ್ರು?"

"ಬಂದ ದಿನಾನ ನಿನ್ನ ಬ್ಯಾಗಿನಾಗಿಂದ ಜ್ವಾಳದ ಹಿಟ್ಟಾ ತಗದವರ‍್ಯಾರು? ಅದರ ತೆಳಗ ಇತ್ತು. ಸಹಿ ಮಾಡೀನಿ. ಅಲ್ಲೇ ತಿರುಗಿ ಇಟ್ಟೀನಿ, ಮೂರು ವಾರಾ ಆತು."

ಮೂರು ವಾರ! ನಾನು ಹಗಲೂ ರಾತ್ರಿ ಬೇಯುತ್ತಾ, ಮುಟ್ಟಲೂ ಹೆದರುತ್ತಾ ಹೊತ್ತು ತಿರುಗಿದ ಕಾಗದಕ್ಕೆ ಮೊದಲ ದಿನವೇ ಸಹಿ ಬಿದ್ದಿತ್ತು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಮತ್ತ ಒಂದ ಮಾತ ಹೇಳಬಾರದಿತ್ತೇನವ್ವಾ ನೀ?"

"ನೀ ಹೇಳ್ತಿ ಅಂತ ಕಾದೆ" ಅಂದಳು. ಬುಟ್ಟಿಯಲ್ಲಿ ಉಳಿದಿದ್ದನ್ನು ನೋಡಿದಳು. "ಆಮ್ಯಾಲ ಎಳ್ಳಮಾಸಿ ಬಂತು. ಚರಗಾ ಒಬ್ಬರ ಚೆಲ್ಲಾಕ ಬರೂದಿಲ್ಲಲ್ಲ."

ಕೊನೆಯ ಹಿಡಿ ಚೆಲ್ಲಿದಳು. ನನ್ನ ಬಾಟಲಿಯಲ್ಲಿ ನೀರಿರಲಿಲ್ಲ. ಆದರೂ "ಚಲಾಂಬರಿಗೋ!" ಎಂದು ಕೂಗಿದೆ.

ಮರಳುವ ಫೆರಿ

ಫೆರಿಯಲ್ಲಿ ಮಹಾಂತೇಶ ಯಥಾಪ್ರಕಾರ ನಿದ್ದೆ. ಲವೀನಾ ಮೇಘಾಳಿಗೆ ಕಡಲಹಕ್ಕಿ ತೋರಿಸುತ್ತಿದ್ದಳು. ನಾನು ಬ್ಯಾಗಿನ ತಳಕ್ಕೆ ಕೈಹಾಕಿ ಕಾಗದ ತೆಗೆದೆ. ಮೂಲೆಯಲ್ಲಿ ಹಿಟ್ಟು ಮೆತ್ತಿತ್ತು. ಕೆಳಗೆ ಸಹಿ ಇತ್ತು, ದುಂಡಗೆ, ಶಾಲೆಯಲ್ಲಿ ಪಾಟಿಯ ಮೇಲೆ ಬರೆದ ಹಾಗೆ: ಶಾಂತವ್ವ ಬಸಪ್ಪ.

ಬಸಪ್ಪ ನಮ್ಮ ಅಪ್ಪ. ಅವಳ ಪಾಸ್‌ಪೋರ್ಟಿನಲ್ಲಿರುವುದು ಶಾಂತಾ ಮಹಾಂತೇಶ. ಮದುವೆಯಾದಂದಿನಿಂದ ಬ್ಯಾಂಕಿಗೆ, ಶಾಲೆಗೆ, ಇಕಾಮಾಕ್ಕೆ ಎಲ್ಲ ಕಡೆ ಅವಳು ಬರೆಯುವುದು ಅದನ್ನೇ. ಮರೆತು ಬರೆದಳೋ, ಬೇಕೆಂದೇ ಬರೆದಳೋ? ನನಗೆ ತಿಳಿಯಲಿಲ್ಲ. ಕಾಗದವನ್ನು ಅವಳ ಮುಂದೆ ಹಿಡಿದೆ.

"ಇದು ನಡಿಯೂದಿಲ್ಲವ್ವಾ. ಪಾಸ್‌ಪೋರ್ಟಿನ ಹೆಸರು ಬೇಕಂತ."

ಅವಳು ಸಹಿಯನ್ನು ನೋಡಿದಳು. "ಅಯ್ಯ, ಹೌದಲ್ಲ" ಅಂದಳು. ಅದರ ಮೇಲೆ ಬೆರಳಾಡಿಸಿ, "ಆ ಹೊಲಕ್ಕ ನಾ ಗೊತ್ತಿರೂದು ಅದ ಹೆಸರಲೆ, ಕೈ ತಾನ ಬರದುಬಿಡ್ತು" ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಕೈ ಚಾಚಿದಳು.

"ಇನ್ನೊಂದು ಐತೇನು? ಕೊಡು. ಮಹಾಂತೇಶ ಅಂತ ಬರೀತೀನಿ. ನಾಳೆ ರವಿವಾರ, ಸೀಲ್ ಹಾಕಿಸ್ಕೊಂಡ ಬರೂಣು. ನಿನ್ನ ಶೋರೂಂ ನಿಲ್ಲಬಾರದು."

"ಇಲ್ಲವ್ವಾ. ವಕೀಲರು ಒಂದ ಕೊಟ್ಟಿದ್ರು" ಅಂದೆ.

ಬ್ಯಾಗು ನನ್ನ ತೊಡೆಯ ಮೇಲೇ ಇತ್ತು. ಪಕ್ಕದ ಜಿಪ್ಪಿನೊಳಗೆ ಎರಡನೆಯ ಪ್ರತಿ ಮಡಿಚಿಟ್ಟ ಹಾಗೇ ಇತ್ತು. ಸಾಲ್ಮಿಯಾ ಬರುವವರೆಗೆ ನಾನು ಆ ಜಿಪ್ಪಿನ ಮೇಲೆ ಕೈ ಇಟ್ಟುಕೊಂಡೇ ಕುಳಿತಿದ್ದೆ.